ಕರಿ ಪಟ್ಟಿಯ ಕೆಳಗಿನ ದೀಪ

"ನೀನಾ?"

ಗೇಟಿನ ಚಿಲಕದ ಮೇಲೆ ಲುಶೋಮೊಳ ಕೈ ಹಾಗೇ ನಿಂತುಬಿಟ್ಟಿತು. ಎದುರಿಗೆ ಮುಲೇಯಾ. ಕಳೆದ ಮಳೆಗಾಲದವರೆಗೂ ಅವಳನ್ನು ಮದುವೆಯಾಗಬೇಕಿದ್ದವನು. ಕಂಕುಳಲ್ಲಿ ಗೋಣಿ ಸುತ್ತಿದ ಗಂಟು.

"ನಿಮ್ಮ ಸೋದರಮಾವ ಹೇಳಿಕಳಿಸಿದ್ರು. ಬ್ರೇಕಿನ ಎಬಿಎಸ್ ಯೂನಿಟ್ ಸಿಕ್ಕಿದೆ, ಹಾಕಿಕೊಟ್ಟು ಹೋಗ್ತೀನಿ."

"ಮೋಂಜೆ ಊರಲ್ಲಿ ಬೇರೆ ಮೆಕ್ಯಾನಿಕ್ಕೇ ಇಲ್ವಾ?"

"ಇದ್ದಾರೆ. ನಾನೇ ಬರಬೇಕು ಅಂತ ಒಳಗಿನವರು ಹೇಳಿದ್ರಂತೆ."

ಅಮ್ಮನಿಗೇನು ತಲೆ ಕೆಟ್ಟಿದೆಯಾ... ಅಪ್ಪನನ್ನು ಕೊಂದವನನ್ನೇ ಕರೆಸುವುದೇ?

ಲುಶೋಮೊಳ ಅಪ್ಪ ಈ ಟ್ಯಾಕ್ಸಿಯಲ್ಲೇ ಸಂಸಾರ ಸಾಕಿದವನು. ಮಳೆಯಲ್ಲಿ ಸೇತುವೆಯ ಹತ್ತಿರ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರಗಳು ಬಿಗಿದುಕೊಂಡು ಕಾರು ಜಾರಿ ಹಳ್ಳಕ್ಕೆ ಬಿತ್ತು. ಆಮೇಲೆ ನೋಡಿದರೆ, ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಕೆಟ್ಟಿದೆಯೆಂದು ತೋರಿಸುವ ದೀಪದ ಮೇಲೆ, ವೈರಿಗೆ ಸುತ್ತುವ ಕರಿ ಅಂಟುಪಟ್ಟಿ ಇತ್ತು. ಆ ಪಟ್ಟಿ ಮುಲೇಯಾ ಬಳಸುವ ಸುರುಳಿಯದು. ರಿಪೇರಿ ಮಾಡದೆ ದೀಪ ಮುಚ್ಚಿಬಿಟ್ಟ ಎಂದು ಸಂತೆಯೆಲ್ಲ ಆಡಿಕೊಂಡಿತು. ಅವಳು ಕೇಳಿದಾಗ ಅವನು ತಲೆ ತಗ್ಗಿಸಿ, "ನನ್ನ ಬಾಯಿಂದ ಹೇಳೋಕಾಗಲ್ಲ" ಎಂದಷ್ಟೇ ಅಂದಿದ್ದ. ಅವಳು ನಿಶ್ಚಯದ ಮಣಿಸರವನ್ನು ಅವನ ಕೈಗೇ ಹಾಕಿ ಬಂದಿದ್ದಳು.

ಹಳ್ಳದಿಂದ ಎತ್ತಿಸಿದ ಆ ಟ್ಯಾಕ್ಸಿಯನ್ನು ಇನ್ನು ಓಡಿಸಬೇಕಾದವಳು ಅವಳೇ.

ಮುಲೇಯಾ ಕೆಲಸಕ್ಕೆ ಕೂತ. ಬ್ಯಾಟರಿಯ ವೈರು ಬಿಚ್ಚಿ, ಬ್ರೇಕಿನ ಪೈಪುಗಳನ್ನು ಸಡಿಲಿಸಿ, ಕೆಟ್ಟ ಯೂನಿಟ್ಟನ್ನು ತೆಗೆದು ಹೊಸದನ್ನು ಬಿಗಿದ.

"ಪೈಪಿನೊಳಗೆ ಗಾಳಿ ಸೇರಿದೆ, ತೆಗೀಬೇಕು. ಒಳಗೆ ಕೂತು ಪೆಡಲ್ ಒತ್ತೋರು ಬೇಕು."

ಹಲ್ಲು ಕಚ್ಚಿಕೊಂಡು ಅವಳೇ ಹತ್ತಿ ಕೂತಳು.

"ಒತ್ತು... ಹಿಡ್ಕೋ... ಈಗ ಬಿಡು."

ಅದೇ ದನಿ. ಅವಳಿಗೆ ಕಾರು ಕಲಿಸುವಾಗ ಇದ್ದ ದನಿ.

ಅಷ್ಟರಲ್ಲಿ ಅಮ್ಮ ಮೆಕ್ಕೆಜೋಳದ ಪಾನೀಯ ಚಿಬ್ವಂತು ತುಂಬಿದ ಲೋಟ ಹಿಡಿದು ತಾನೇ ಅಂಗಳಕ್ಕೆ ಬಂದಳು. ಹೆಜ್ಜೆಯ ಸದ್ದಿಗೇ ಮುಲೇಯಾ ಥಟ್ಟನೆ ಗೋಡೆಯ ಕಡೆ ಮುಖ ತಿರುಗಿಸಿದ. ಅವರ ಸಂಪ್ರದಾಯದಲ್ಲಿ ಅಳಿಯನಾಗುವವನು ಅತ್ತೆಯ ಮುಖ ನೋಡುವಂತಿಲ್ಲ, ಒಳ್ಳೆಯದಕ್ಕಾಗಲಿ ಕೆಟ್ಟದ್ದಕ್ಕಾಗಲಿ ಅವಳ ಮಾತೆತ್ತುವಂತಿಲ್ಲ. ಅತ್ತೆಯೂ ಅವನಿಗೆ ಊಟ ನೀರು ಕೊಡುವುದು ಇನ್ನೊಬ್ಬರ ಕೈಯಲ್ಲೇ.

ಅಮ್ಮ ಅವನ ಬೆನ್ನ ಹಿಂದೆ ಮಂಡಿಯೂರಿದಳು.

"ಅಮ್ಮಾ, ಏನು ಮಾಡ್ತಿದ್ದೀಯ? ಅವನ ಮುಂದೆ..."

"ಸುಮ್ಮನಿರು ಮಗಳೇ. ಇಷ್ಟು ದಿನ ಈ ಸಂಪ್ರದಾಯದ ಮರೆಯಲ್ಲಿ ಬಚ್ಚಿಟ್ಟುಕೊಂಡಿದ್ದೆ. ಆ ಪಟ್ಟಿ ಅಂಟಿಸಿದ್ದು ನಾನು."

ಲುಶೋಮೊಳ ಕಾಲು ಪೆಡಲಿನಿಂದ ಜಾರಿತು.

"ದೀಪ ಉರೀತಿದ್ರೆ ಸಂತೆ ಹೆಂಗಸರು ಕಾರು ಹತ್ತಲ್ಲ ಅಂದುಕೊಂಡೆ. ರೇಡಿಯೋ ವೈರಿಗೆ ಅಂತ ಸುಳ್ಳು ಹೇಳಿಕಳಿಸಿ ಇವನ ಹತ್ತಿರ ಪಟ್ಟಿ ತರಿಸಿದೆ. ಯೂನಿಟ್ ಬರೋವರೆಗೂ ಮಳೇಲಿ ಓಡಿಸಬೇಡಿ ಅಂತ ಇವನು ನಿಮ್ಮಪ್ಪನಿಗೆ ಹೇಳಿದ್ದ. ನಿಮ್ಮಪ್ಪ... ದೀಪ ಆರಿದ್ದು ನೋಡಿ, ಹುಡುಗ ಸರಿ ಮಾಡಿದ್ದಾನೆ ಅಂತ ಖುಷಿಪಟ್ರು. ನಾನು ಬಾಯಿ ಬಿಡಲಿಲ್ಲ."

ಅಮ್ಮ ಲೋಟವನ್ನು ನೆಲಕ್ಕಿಟ್ಟಳು. ಲುಶೋಮೊ ಕಾರಿನಿಂದ ಇಳಿದು ಬಂದಳು. ಬೈಯಬೇಕೆನಿಸಿತು, ಆಗಲಿಲ್ಲ. ಅಮ್ಮನ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತಳು. ಅಪ್ಪ ಸತ್ತ ದಿನವೂ ಅವರಿಬ್ಬರೂ ಹೀಗೆ ಒಟ್ಟಿಗೆ ಅತ್ತಿರಲಿಲ್ಲ.

ಅಮ್ಮ ಮೈಗೆ ಸುತ್ತಿದ ಬಟ್ಟೆಯ ಅಂಚಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದ ಮೇಲೂ ಮುಲೇಯಾ ಗೋಡೆಗೆ ಮುಖ ಮಾಡಿಯೇ ನಿಂತಿದ್ದ. ಅವನ ಭುಜ ಅಲುಗುತ್ತಿತ್ತು.

"ನಿನಗೆ ಗೊತ್ತಿತ್ತು ಅಲ್ವಾ?"

"ಪಟ್ಟಿ ನೋಡಿದ ಕೂಡಲೇ ಗೊತ್ತಾಯ್ತು."

"ಊರೆಲ್ಲ ನಿನ್ನನ್ನ ಕೊಲೆಗಾರ ಅಂತು... ನಾನೂ ಅಂದೆ. ನಿಶ್ಚಯ ಮುರಿದು ಹೋಗಿತ್ತಲ್ಲ ಮುಲೇಯಾ. ಆಮೇಲೆ ಅಮ್ಮ ನಿನಗೆ ಯಾರು? ಇವತ್ತೂ ಯಾಕೆ ಮುಖ ತಿರುಗಿಸಿದೆ?"

ಅವನು ಮೆಲ್ಲಗೆ ಈ ಕಡೆ ತಿರುಗಿದ. ಕಣ್ಣು ಕೆಂಪಾಗಿತ್ತು.

"ಮುರಿದಿದ್ದು ನೀನು. ನಾನಲ್ಲ."

ಅವಳು ಹತ್ತಿರ ಬಂದಳು. ಗ್ರೀಸು ಮೆತ್ತಿದ ಅವನ ಕೈಯನ್ನು ಹಿಡಿದು ತನ್ನ ಒದ್ದೆ ಕೆನ್ನೆಗೆ ಒತ್ತಿಕೊಂಡಳು.

"ಮಣಿಸರ... ಇನ್ನೂ ಇದೆಯಾ?"

"ಮನೇಲಿದೆ. ಮೊದಲು ಹತ್ತು, ಇನ್ನೊಂದು ಚಕ್ರದ ಬ್ರೇಕಿನ ಪೈಪಿಂದ ಗಾಳಿ ತೆಗೆಯೋದು ಬಾಕಿ ಇದೆ. ನಿನ್ನನ್ನ ಇದರಲ್ಲಿ ಹಾಗೇ ಕಳಿಸಲ್ಲ ನಾನು."