ನಡುವಿನ ಝಕಾರ

"ವು ಎತ್ ಅಲ್ಲ ಕಣ್ರಿ... ವುಝೆತ್! ನಡುವೆ ಒಂದು 'ಝ' ಬರ್ಬೇಕು."

ಶಿವರಂಜನಿಯ ಮುಖ ಕೆಂಪಾಯಿತು.

ಕೊಳ್ಳೇಗಾಲದ ಮನೆಯಲ್ಲಿ ಅಪ್ಪನ ಜೊತೆ ಎರಡು ರೇಷ್ಮೆ ಮಗ್ಗ ನಡೆಸುವ ಹುಡುಗಿ ಅವಳು. ಸೀರೆ ನೋಡಲು ಬಂದ ಇಬ್ಬರು ಫ್ರೆಂಚ್ ಪ್ರವಾಸಿಗಳಿಗೆ, ಮೊಬೈಲ್ ನೋಡಿ ಕಲಿತ ಅವರದೇ ಭಾಷೆಯಲ್ಲಿ ಸ್ವಾಗತ ಹೇಳಿದ್ದಳು. ಅವರು ಖುಷಿಯಿಂದ ಕೈ ಮುಗಿದರೆ, ಕರೆತಂದ ಗೈಡ್ ಬಾಗಿಲಲ್ಲೇ ನಿಂತು ತಪ್ಪು ತೆಗೆಯುತ್ತಿದ್ದಾನೆ!

"ಬಂದವ್ರಿಗೆ ಅರ್ಥ ಆಯ್ತಲ್ಲ ಸಾ, ನಿಮ್ಗೇನು ಕಷ್ಟ?"

"ತಪ್ಪು ತಪ್ಪೇ ಅಲ್ವಾ?"

"ನಮ್ಮನೇಲಿ ನಿಂತ್ಕಂಡು ನಂಗೇ ಪಾಠನಾ? ಮೊದ್ಲು ಚಪ್ಪಲಿ ಬುಟ್ಟು ಒಳಿಕ್ ಬನ್ನಿ!"

'ಎಂಥಾ ಜಂಬ ಇವನಿಗೆ!'

ಮರುವಾರ ಅವನು ಒಬ್ಬನೇ ಬಂದ. ಈ ಸಲ ಚಪ್ಪಲಿ ಹೊರಗೇ ಇತ್ತು.

"ಅವತ್ತು ಅತಿ ಮಾಡ್ಬುಟ್ಟೆ. ಬೇಕಾದ್ರೆ ಸರಿಯಾಗಿ ಕಲಿಸ್ಕೊಡ್ತೀನಿ."

ಹೆಸರು ಶಾಂತರಾಜು, ಯಳಂದೂರಿನವನು. ಪಾಂಡಿಚೇರಿಯ ಹೋಟೆಲಿನಲ್ಲಿ ಐದು ವರ್ಷ ದುಡಿದು ಫ್ರೆಂಚ್ ಕಲಿತಿದ್ದ.

"ಪದದ ಕೊನೇ ಅಕ್ಷರ ಒಂಟಿಯಾಗಿದ್ರೆ ಮೂಕ. ಪಕ್ಕದಲ್ಲಿ ಸ್ವರ ಬಂದ್ರೆ ಸಾಕು, ಬಾಯಿ ಬಿಡ್ತದೆ. ನಮ್ಮ ಸಂಧಿ ಇದ್ದಂಗೆ."

ಏಳು ತಿಂಗಳು, ಪ್ರತಿ ಗುರುವಾರ ಪಾಠ. ಬುಧವಾರವೇ ಅವಳ ಕಣ್ಣು ಬಾಗಿಲ ಕಡೆ ಹೋಗತೊಡಗಿತು. ಯಾಕೆಂದು ಅವಳು ಯಾರಿಗೂ ಹೇಳಲಿಲ್ಲ... ತನಗೂ ಹೇಳಿಕೊಳ್ಳಲಿಲ್ಲ.

ಫೋನಿನಲ್ಲಿ ಫ್ರೆಂಚ್ ಬಿಟ್ಟು ಬೇರೆ ಮಾತಾಡಬಾರದು ಎಂಬುದು ಅವರ ನಿಯಮ. ಒಂದು ದಿನ ಬಿಳಿಗಿರಿರಂಗನ ಬೆಟ್ಟದಿಂದ ಅವನ ಫೋನ್ ಬಂತು. ಫ್ರಾನ್ಸಿನ ಲಿಯೋನ್ ಊರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ, ಈಗ ಬೆಟ್ಟದ ಲಾಡ್ಜಿನಲ್ಲಿ ಇಳಿದಿರುವ ಕ್ಲೇರ್ ಎಂಬಾಕೆ ನಾಳೆ ಅವಳ ಸೀರೆ ನೋಡಲು ಬರುತ್ತಾಳೆ! ಸಿಗ್ನಲ್ ಕಡಿದು ಕಡಿದು ಬರುತ್ತಿತ್ತು. ಅವನು ಹೇಳಿದ ಸಮಯ ಅವಳ ಕಿವಿಗೆ 'ದೋಝರ್' ಎಂದು ಬಿತ್ತು. ಎರಡು ಗಂಟೆ.

ಮರುದಿನ ಅಪ್ಪ ಹನೂರಿಗೆ ಹೋಗಿದ್ದರು. ಕುಚ್ಚು ಕಟ್ಟಲು ಕೊಟ್ಟಿದ್ದ ಸೀರೆ ತರಲು ಅವಳು ಮನೆಗೆ ಬೀಗ ಹಾಕಿ ಹೋದಳು. ಅವಸರದಲ್ಲಿ ಫೋನ್ ಒಳಗೇ ಉಳಿಯಿತು. ಒಂದೂವರೆಗೆ ಬಂದಾಗ ಪಕ್ಕದ ಮನೆಯ ಪುಟ್ಟಗೌರಮ್ಮ ಓಡಿ ಬಂದರು.

"ಎಲ್ಲಿಗ್ ಓಗಿದ್ದವ್ವ? ಆ ಬಿಳೀ ಎಂಗಸು ಒಂದ್ ಗಂಟೆವರ್ಗೂ ಕಾದ್ಲು. ಆಮೇಲೆ ನಿಮ್ಮ ಮೇಷ್ಟ್ರು ಬಸ್ ಸ್ಟ್ಯಾಂಡ್ ತಾವಿರೋ ದೊಡ್ಡ ಸೀರೆ ಅಂಗ್ಡಿಗೆ ಕರ್ಕಂಡೋದ್ರು."

ಬೀಗ ತೆಗೆದವಳೇ ಅವಳು ಶಾಂತರಾಜುವಿಗೆ ಫೋನ್ ಮಾಡಿದಳು.

"ಎರಡು ಗಂಟೆ ಅಂದಿದ್ರಲ್ಲ!"

"ದೂಝರ್ ಅಂದೆ... ಅನ್ನೆರಡು! ಎಷ್ಟ್ ಸಲ ಫೋನ್ ಮಾಡ್ದೆ ಗೊತ್ತಾ?"

"ದೋಝರ್ ಅಂದ್ರಿ! ಬೇಕಂತ್ಲೇ ಅಂದ್ರಿ! ಆ ಅಂಗಡೀಲಿ ಕಮಿಷನ್ ಚೆನ್ನಾಗಿ ಸಿಕ್ತಾ?"

ಆ ಕಡೆ ಅವನ ದನಿ ಸಿಡಿಯಿತು.

"ಏಳು ತಿಂಗ್ಳಲ್ಲಿ ನನ್ನ ಬಗ್ಗೆ ಕಲ್ತದ್ದು ಇಷ್ಟೇನಾ?"

ಫೋನ್ ಕಟ್ಟಾಯಿತು.

ಸಿಟ್ಟಿಗೆ ಅವಳಿಗೆ ಅಳುವೂ ಬರಲಿಲ್ಲ. 'ಇವನ ಹಂಗೇ ಬೇಡ. ನನ್ನ ಸೀರೆ ನಾನೇ ತೋರಿಸ್ತೀನಿ!' ಬೆಳಿಗ್ಗೆ ಮೊದಲ ಬಸ್ಸಿಗೆ ಯಳಂದೂರು, ಅಲ್ಲಿಂದ ಬೆಟ್ಟದ ಬಸ್ಸು. ಮಡಿಲಲ್ಲಿ ನಾಲ್ಕು ಸೀರೆ.

ಲಾಡ್ಜಿನ ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದ ಕ್ಲೇರ್ ಎದುರು ನಿಂತು, ಉಸಿರು ಬಿಗಿಹಿಡಿದು, ನಡೆದದ್ದೆಲ್ಲ ಫ್ರೆಂಚಿನಲ್ಲೇ ಹೇಳಿದಳು. ಒಂದು ಝಕಾರವೂ ತಪ್ಪಲಿಲ್ಲ.

ಕ್ಲೇರ್ ಜೋರಾಗಿ ನಕ್ಕಳು.

"ಅದು ನಮಗೇ ಗೊಂದಲ! ಅದಕ್ಕೇ ಮಧ್ಯಾಹ್ನ ಹನ್ನೆರಡಕ್ಕೆ ನಾವು 'ಮಿದಿ' ಅಂತೀವಿ. ನಿನ್ನ ಗುರುವಿಗೆ ಗೊತ್ತಿಲ್ಲವಾ? ನಿನ್ನೆ ಆ ಅಂಗಡಿಗೆ ಹೋಗೋಣ ಅಂದವಳು ನಾನು. ಅವನು ಮಾತ್ರ ಒಂದು ಸೀರೆಯನ್ನೂ ಕೊಳ್ಳಲು ಬಿಡಲಿಲ್ಲ. 'ಶಿವರಂಜನಿಯದು ನೋಡದೆ ಬೇಡ' ಅಂತ ಒಂದೇ ಹಟ!"

ಕ್ಲೇರ್ ನಾಲ್ಕೂ ಸೀರೆ ಎತ್ತಿಕೊಂಡು, ಇನ್ನೂ ಹತ್ತು ನೇಯಲು ಹೇಳಿ, ಸಾಮಾನು ಕಟ್ಟಲು ಒಳಗೆ ಹೋದಳು.

ಅಷ್ಟರಲ್ಲಿ ಜೀಪ್ ಬಂತು. ಇಳಿದ ಶಾಂತರಾಜು ಅವಳನ್ನು ನೋಡಿ ಮುಖ ತಿರುಗಿಸಿದ.

"ಕಮಿಷನ್ ಅಂದದ್ದು ನನ್ನ ತಪ್ಪು," ಎಂದಳು. "ಆದ್ರೆ ಮಿದಿ ಅನ್ನಕ್ಕೆ ನಿಮ್ಗೇನಾಗಿತ್ತು? ಪಾಂಡಿಚೇರೀಲಿ ಐದ್ ವರ್ಷ ಏನ್ ಮಾಡಿದ್ರಿ?"

"ಗೊತ್ತಿತ್ತು ಕಣ್ರಿ! ನಿಮ್ಮ ದನಿ ಕೇಳ್ತಿದ್ದಂಗೆ ತಲೆ ಓಡಲ್ಲ ನಂಗೆ!"

"ಯಾಕೆ ಓಡಲ್ಲ?"

"ಅದ್ನೂ ನಾನೇ ಏಳ್ಬೇಕಾ?"

"ಕಲಿಸೋರು ನೀವು ತಾನೆ? ಏಳಿ!"

ಅವನ ಸಿಟ್ಟು ಅಲ್ಲೇ ಕುಸಿಯಿತು.

"ನೀನಂದ್ರೆ ಜೀವ ಕಣೇ ರಂಜನಿ..."

ಮೊದಲ ಸಲ 'ನೀನು' ಎಂದಿದ್ದ. ನಿನ್ನೆ ಬಾರದಿದ್ದ ಕಣ್ಣೀರು ಈಗ ಅವಳ ಕೆನ್ನೆಗೆ ಇಳಿಯಿತು.

"ಇದ್ನ ಏಳಕ್ಕೆ ಏಳು ತಿಂಗ್ಳು ಬೇಕಾಯ್ತಾ? ನಂಗಿನ್ನೂ ಸಿಟ್ಟದೆ."

"ಎಲ್ಲಿವರ್ಗೂ ಇರ್ತದೆ?"

"ನಮ್ಮಪ್ಪನ ಮುಂದೆ ಬಂದು ನೀವು ಕೇಳೋವರ್ಗೂ."

ಅವನು ಜೀಪಿನ ಬಾಗಿಲು ತೆರೆದ.

"ಕೂತ್ಕೊ. ಕ್ಲೇರಮ್ಮನ್ನ ಬೆಂಗ್ಳೂರಿಗೆ ಬುಡೋ ದಾರೀಲೇ ನಿಮ್ಮನೆ. ಈಗ್ಲೇ ಕೇಳ್ಬುಡವ."