ಎರ್ಮೆಲಿಂದಾಳ ಮುಲಾಮಿನ ಭರಣಿ

ಶನಿವಾರ ಬೆಳಗ್ಗೆ ತರಬೇತುದಾರ ರೋಮುಲೊ ಒಂದು ಮಣ್ಣಿನ ಭರಣಿಯನ್ನು ತಂದು ದೋನ್ ಕ್ಲೆಮೆಂತೆಯವರ ಮೇಜಿನ ಮೇಲೆ ಕುಕ್ಕಿದ.

"ಮೇಷ್ಟ್ರೇ, ಮಾಲೀಶಿನ ಆ ಮುದುಕಿ ನಮ್ಮ ಯಾದೆರ್‌ನ ಭುಜ ಸುಟ್ಟುಹಾಕಿದಾಳೆ! ನಾಳೆ ಬೇಸ್‌ಬಾಲ್ ಫೈನಲ್ಲು. ಆಟಗಾರರನ್ನ ಆರಿಸೋರು ಮನಾಗುವಾದಿಂದ ಬರ್ತಿದಾರೆ. ಚೆಂಡು ಎಸೆಯೋನೇ ಮಲಗಿದ್ರೆ ನಾನೇನು ಮಾಡ್ಲಿ?"

ಊರಲ್ಲಿ ಕೋಳಿ ಕಳೆದರೂ ಜನ ಪೊಲೀಸರಿಗಿಂತ ಮೊದಲು ಈ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರ ಬಳಿಗೆ ಬರುತ್ತಿದ್ದರು. ಅವರ ಹಳೆಯ ಶಿಷ್ಯೆ ನೂಬಿಯಾ ಆರೋಗ್ಯ ಕೇಂದ್ರದ ಪ್ರಯೋಗಾಲಯದಲ್ಲಿದ್ದಳು; ಅಂಥ ಪ್ರತಿ ಸಂಗತಿಯಲ್ಲೂ ಅವರ ಜೊತೆಗಿರುತ್ತಿದ್ದಳು. ಇಂದೂ ಅಲ್ಲೇ ಇದ್ದಳು, ಆದರೆ ಈ ಸಲ ಸಂಗತಿ ಅವಳ ಮನೆಯದೇ. ಯಾದೆರ್ ಅವಳ ಅಕ್ಕನ ಮಗ. ಅವನ ಎಡಗೈಯ ಚರ್ಮದ ಗ್ಲೌಸು ಅವಳೇ ಕೊಡಿಸಿದ್ದು.

ಮೇಷ್ಟ್ರು ಭರಣಿಯನ್ನು ಮೂಸಿದರು. "ಹಂದಿಕೊಬ್ಬು, ಸದಾಪು ಸೊಪ್ಪು... ಮತ್ತೆ ಚರ್ಮ ಸುಡೋ ಗೇರುಬೀಜದ ಸಿಪ್ಪೆ ಎಣ್ಣೆ."

"ಅರ್ಧ ಊರು ಗೇರು ಹುರಿಯುತ್ತೆ. ಆ ಎಣ್ಣೆ ಎಲ್ಲರ ಹಿತ್ತಲಲ್ಲೂ ಇದೆ," ಎಂದಳು ನೂಬಿಯಾ. ಒಂದು ಹನಿಯನ್ನು ತನ್ನ ಮಣಿಕಟ್ಟಿನ ಒಳಬದಿಗೆ ಸವರಿಕೊಂಡಳು.

"ನಾಳೆ ಪಂದ್ಯದ ಹೊತ್ತಿಗೆ ಉತ್ತರ ಸಿಗದಿದ್ರೆ ಆ ಮುದುಕಿ ಬಾಗಿಲಿಗೆ ಹಲಗೆ ಹೊಡೆದು ಮುಚ್ಚಿಸ್ತೀವಿ," ಎಂದು ರೋಮುಲೊ ಹೊರಟುಹೋದ.

ಯಾದೆರ್ ಮನೆಯ ಜೋಲಿಯಲ್ಲಿ ಮಲಗಿದ್ದ. ಬಲಗೈ ಕತ್ತಿಗೆ ಕಟ್ಟಿದ ಬಟ್ಟೆಯ ತೂಗಿನಲ್ಲಿತ್ತು, ಎಡಗೈಯಲ್ಲಿ ಗ್ಲೌಸಿತ್ತು. "ಆಡೋಕಂತೂ ಆಗಲ್ಲ ಚಿಕ್ಕಮ್ಮಾ, ಹಾಕ್ಕೊಂಡಾದ್ರೂ ಇರ್ತೀನಿ," ಎಂದಾಗ ನೂಬಿಯಾಳ ಕಣ್ಣು ತುಂಬಿತು. ಭುಜದ ಮುಂಭಾಗ, ಮೇಲ್ಭಾಗ, ತೋಳು, ಎಲ್ಲ ಕಡೆ ನೀರು ತುಂಬಿದ ಬೊಬ್ಬೆಗಳು. ಮೇಷ್ಟ್ರು ಹಿಂದೆ ಹೋಗಿ ಹೆಗಲಮೂಳೆಯನ್ನು ನೋಡಿದರು. ಅಲ್ಲಿ ಚರ್ಮ ನುಣ್ಣಗಿತ್ತು.

ಮಾಲೀಶಿನ ದೋನ್ಯಾ ಎರ್ಮೆಲಿಂದಾ ತನ್ನ ಅಂಗಳದ ನೀರಿನ ತೊಟ್ಟಿಯ ಪಕ್ಕ ಕೂತಿದ್ದಳು.

"ಶುಕ್ರವಾರ ಏನೇನು ನಡೀತು, ಮೊದಲಿಂದ ಹೇಳಿ," ಎಂದರು ಮೇಷ್ಟ್ರು.

"ಯಾವತ್ತಿನ ಹಾಗೇ. ತಿಂದು ಬಂದಿದೀಯಾ, ತಣ್ಣೀರು ಕುಡಿದಿದೀಯಾ ಅಂತ ಕೇಳ್ತೀನಿ. ಮುಲಾಮು ನನ್ನ ಮಣಿಕಟ್ಟಿಗೆ ಹಚ್ಚಿ ನೋಡ್ತೀನಿ. ಆಮೇಲೆ ಹೆಬ್ಬೆರಳು ಹೆಗಲಮೂಳೆ ಕೆಳಗೆ ಇಟ್ಟು ಅಲ್ಲಿಂದ ಮುಂದಕ್ಕೆ, ಮೊಣಕೈವರೆಗೆ. ನೋವಾದ್ರೆ ಬಾಯ್ಬಿಟ್ಟು ಹೇಳು ಅಂತೀನಿ. ಮುಗಿದ ಮೇಲೆ ಬಟ್ಟೆ ಸುತ್ತಿ, ಬೆಳಗಾಗೋವರೆಗೆ ಸ್ನಾನ ಬೇಡ, ತಣ್ಣಗಿರೋದು ಮುಟ್ಟಬೇಡ ಅಂತ ಕಳಿಸ್ತೀನಿ. ನಾನೂ ಅಷ್ಟೆ, ತಿಕ್ಕಿದ ದಿನ ಸಂಜೆವರೆಗೂ ಈ ಕೈ ತಣ್ಣೀರಿಗೆ ಹಾಕಲ್ಲ. ಕಾದ ಬೆರಳು ಸೆಟೆದುಹೋಗುತ್ತೆ."

"ಅವನಾದ ಮೇಲೆ ಯಾರು ಬಂದ್ರು?"

"ರೋಮುಲೊನ ಅವ್ವ, ಮಂಡಿನೋವಿಗೆ. ಆಮೇಲೆ ಯಾರೂ ಇಲ್ಲ. ಮಧ್ಯಾಹ್ನ ನಾನು ಗಿರಣಿಗೆ ಹೋಗಿದ್ದೆ. ಯಾದೆರ್ ಟೋಪಿ ಮರೆತಿದ್ನಂತೆ, ತಗೊಂಡು ಹೋಗೋವಾಗ ದಾರೀಲಿ ಸಿಕ್ಕಿದ್ದ."

"ಅವನ ಭುಜದಲ್ಲಿ ನಿಮ್ಮ ಬೆರಳಿಗೆ ಏನು ಸಿಕ್ತು?"

ಅವಳು ತೊಟ್ಟಿಯ ನೀರನ್ನೇ ನೋಡಿದಳು. "ಅದು ಅವನ ಭುಜದ ಮಾತು ಮೇಷ್ಟ್ರೇ. ನಂದಲ್ಲ."

ಭಾನುವಾರ ಬೆಳಗ್ಗೆ ಅದೇ ಅಂಗಳದಲ್ಲಿ ಎಲ್ಲರೂ ಸೇರಿದರು. ರೋಮುಲೊನ ಕಂಕುಳಲ್ಲಿ ಹಲಗೆಯಿತ್ತು. ಅವನ ತಾಯಿ ಮಗನನ್ನು ಗದರಿದಳು: "ಅದನ್ನ ಕೆಳಗಿಡೋ! ಮೊಳೆ ಹೊಡೆಯೋಕೆ ಬಾರದೋನು ಹಲಗೆ ಹೊತ್ಕೊಂಡು ಬಂದಿದಾನೆ."

ನೂಬಿಯಾಳ ಮಣಿಕಟ್ಟು ಕೆಂಪಾಗಿ ಊದಿತ್ತು. ಮೇಷ್ಟ್ರು ಅದನ್ನು ಎಲ್ಲರಿಗೂ ತೋರಿಸಿದರು.

"ಭರಣಿಯಲ್ಲಿ ವಿಷ ಇರೋದು ನಿಜ. ಆದ್ರೆ ಒಂದೇ ಹನಿಗೆ ಇಷ್ಟಾದ್ರೆ, ಅರ್ಧ ಗಂಟೆ ಬರಿಗೈಲಿ ತಿಕ್ಕಿದ ದೋನ್ಯಾ ಮಣಿಕಟ್ಟಿಗೆ ಏನೂ ಆಗಿಲ್ಲ ಯಾಕೆ?"

"ಅವಳದು ಒರಟು ಚರ್ಮ," ಎಂದ ರೋಮುಲೊ.

"ಸರಿ. ನಿಮ್ಮವ್ವಂದು?"

ರೋಮುಲೊನ ತಾಯಿ ಲಂಗವನ್ನು ಮಂಡಿಯವರೆಗೆ ಎತ್ತಿದಳು. "ನೋಡ್ಕೊ. ಅದೇ ಭರಣಿ. ಮಗೂ ಮೈ ಥರ ಇದೆ."

"ಅಂದ್ರೆ ನಿಮ್ಮವ್ವ ಹೋಗೋವರೆಗೂ ಮುಲಾಮು ಶುದ್ಧವಾಗಿತ್ತು. ಯಾದೆರ್‌ನ ಸುಟ್ಟಿದ್ದು ಈ ಮುಲಾಮೇ ಅಲ್ಲ. ಬೇರೆಲ್ಲೋ ಯಾರೋ ಬರೀ ಎಣ್ಣೆ ಹಚ್ಚಿದಾರೆ, ನೆಪಕ್ಕೆ ಭರಣಿಗೂ ಸುರಿದಿದಾರೆ. ದೋನ್ಯಾ ಮೊದಲು ಒತ್ತೋದು ಹೆಗಲಮೂಳೆ ಕೆಳಗೆ. ಅಲ್ಲಿ ಒಂದು ಬೊಬ್ಬೆಯೂ ಇಲ್ಲ. ಬೊಬ್ಬೆ ಇರೋದು ಒಬ್ಬನ ಎಡಗೈ ತನ್ನದೇ ಬಲಭುಜಕ್ಕೆ ಎಲ್ಲಿವರೆಗೆ ಎಟುಕುತ್ತೋ ಅಲ್ಲಿವರೆಗೆ. ದೋನ್ಯಾ ಗಿರಣಿಗೆ ಹೋದಾಗ ಇಲ್ಲಿಗೆ ಬಂದೋನೂ ಒಬ್ಬನೇ, ಟೋಪಿಗೆ ಅಂತ."

ಬೇಡ, ಬೇಡ ಎಂದು ನೂಬಿಯಾ ಮನಸ್ಸಿನಲ್ಲೇ ಅಂದುಕೊಂಡಳು. ಮೇಷ್ಟ್ರು ಜೋಳದ ಹಿಟ್ಟಿನ ಪಾನಕ ತುಂಬಿದ್ದ ಸೋರೆಬುರುಡೆಯ ಬಟ್ಟಲೊಂದನ್ನು ಅವಳ ಕೈಗೆ ಕೊಟ್ಟರು. "ನಿಮ್ಮ ಹುಡುಗನಿಗೆ ಕೊಡು."

ಬುಡ ಗುಂಡಗಿನ ಆ ಬಟ್ಟಲನ್ನು ಎಲ್ಲೂ ಕೆಳಗಿಡುವಂತಿಲ್ಲ. ಯಾದೆರ್‌ನ ಬಲಗೈ ತೂಗಿನಲ್ಲಿತ್ತು, ಎಡಗೈ ಗ್ಲೌಸಿನಲ್ಲಿತ್ತು.

"ಬಾಯಾರಿಕೆ ಇಲ್ಲ ಚಿಕ್ಕಮ್ಮಾ."

"ಗ್ಲೌಸು ತೆಗಿ," ಎಂದಳು ನೂಬಿಯಾ. ತನ್ನ ದನಿ ತನಗೇ ಹೊಸದೆನಿಸಿತು. "ನಾನು ಕೊಡಿಸಿದ್ದು ತಾನೆ? ತೆಗಿ."

ಅವನು ತೆಗೆಯಲಿಲ್ಲ. ಅವಳೇ ಎಳೆದಳು. ಬೆರಳುಗಳು ಗೇರೆಣ್ಣೆಯಿಂದ ಕಪ್ಪಾಗಿದ್ದವು, ಸಂದುಗಳಲ್ಲಿ ಬೊಬ್ಬೆ ಒಡೆದಿತ್ತು.

ಯಾದೆರ್ ನೆಲ ನೋಡುತ್ತಾ ಹೇಳಿದ: "ಭುಜ ಮುಗಿದುಹೋಗಿದೆ ಅಂದ್ರು ಎರ್ಮೆಲಿಂದಾ ದೊಡ್ಡಮ್ಮ. ಒಳಗೆ ಹರಿದಿದೆ, ತಿಕ್ಕಿದ್ರೆ ಹೋಗಲ್ಲ, ಆಸ್ಪತ್ರೆಗೆ ಹೋಗು, ಎಸೀಬೇಡ ಅಂದ್ರು. ಎಲ್ಲರ ಮುಂದೆ ಎಸೆದು ಸೋಲೋದಕ್ಕಿಂತ... ಸುಟ್ಟಿದ್ರೆ ನನ್ನ ತಪ್ಪು ಅಂತ ಯಾರೂ ಅನ್ನಲ್ವಲ್ಲ."

"ದೋನ್ಯಾ ತಪ್ಪು ಅಂತಾರೆ," ಎಂದರು ಮೇಷ್ಟ್ರು. "ಒಂದು ಮಾತು ಹೇಳಿದ್ರೆ ಅವರು ನಿನ್ನೆಯೇ ಪಾರಾಗ್ತಿದ್ರು. ನಿನ್ನ ಭುಜದ ಗುಟ್ಟು ಬಿಟ್ಟುಕೊಡಲಿಲ್ಲ."

ರೋಮುಲೊ ಹಲಗೆಯನ್ನು ಮೆಲ್ಲಗೆ ಬೇಲಿಗೆ ಒರಗಿಸಿದ. ಯಾದೆರ್ ಎರ್ಮೆಲಿಂದಾಳ ಮುಂದೆ ಮಂಡಿಯೂರಿದ. ಏಳು ವರ್ಷದವನಿದ್ದಾಗಿನಿಂದ ಅವಳ ಮುಂದೆ ಹಾಗೇ ಕೂತು ಬೆನ್ನು ಕೊಡುತ್ತಿದ್ದ.

"ದೊಡ್ಡಮ್ಮಾ, ಉರೀತಿದೆ. ಒಂಚೂರು ನೋಡು."

ಅವಳು ಅವನ ಬೆರಳುಗಳನ್ನು ಬಹಳ ಹೊತ್ತು ನೋಡಿದಳು. ಬೆಳಗಿನ ಎಂಟು ಗಂಟೆ. ಗೇಟಿನ ಹೊರಗೆ ಆಗಲೇ ಇಬ್ಬರು ಹೆಂಗಸರು ಮಾಲೀಶಿಗಾಗಿ ಕಾಯುತ್ತಿದ್ದರು. ಎರ್ಮೆಲಿಂದಾ ಎದ್ದು ತೊಟ್ಟಿಯ ಬಳಿ ಹೋಗಿ, ಎರಡೂ ಕೈಗಳನ್ನು ತಣ್ಣೀರಿನಲ್ಲಿ ಮೊಣಕೈವರೆಗೆ ಮುಳುಗಿಸಿ ನಿಂತಳು.

ಅದರ ಅರ್ಥ ಊರಿನವರಿಗೆಲ್ಲ ಗೊತ್ತು: ತಣ್ಣೀರಿಗೆ ಇಳಿದ ಆ ಕೈ ಇವತ್ತು ಯಾರನ್ನೂ ತಿಕ್ಕುವುದಿಲ್ಲ. ಆ ಹೆಂಗಸರು ಸದ್ದಿಲ್ಲದೆ ಹಿಂದಿರುಗಿದರು. ನೂಬಿಯಾ ಗ್ಲೌಸನ್ನು ಹಿಡಿದುಕೊಂಡೇ ನಿಂತಿದ್ದಳು. ಅದರ ಒಳಗಿನ ಎಣ್ಣೆ ಅವಳ ಬೆರಳಿಗೂ ಅಂಟಿತ್ತು.