ಹುಸ್ನಾ ಹಚ್ಚಿಸಿದ ಬಣ್ಣ

"ಈ ಗೋಡಿಗೆ ಬಣ್ಣಾ ಯಾವಾಗ ಹಚ್ಚಿದ್ರಿ?" ಸುಮೇಧಾ ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

"ನಿನ್ನೆರಿ. ನೀವು ಬರ್ತೀರಂತ ಅರ್ಜೆಂಟ್ ಮಾಡಿಸಿದ್ವಿ," ಎಂದು ಹುಸ್ನಾಳ ಅಬ್ಬಾ ಹೆಮ್ಮೆಯಿಂದ ಹೇಳಿದ. ಹಿಂದೆ ನಿಂತಿದ್ದ ಹುಸ್ನಾ ಕೂಡ ನಕ್ಕಳು. ಅಕ್ಕ ಮಾತ್ರ ನಗಲಿಲ್ಲ.

ಮಾಳಮಡ್ಡಿಯ ಸುಮೇಧಾ ಅಕ್ಕನ ಕೆಲಸವೇ ಸಿನಿಮಾ, ಸೀರಿಯಲ್‌ಗಳಿಗೆ ಮನೆ ಹುಡುಕುವುದು, ಕತೆಗೆ ಬೇಕಾದಂತೆ ಅದನ್ನು ಸಜ್ಜು ಮಾಡುವುದು. ಶಾಲೆಯ ನಾಟಕಕ್ಕೆ ಪರದೆ ಬರೆಯುತ್ತ ಶುರು ಮಾಡಿದವಳು, ಬೇರೆಯವರ ಕೈಕೆಳಗೆ ವರ್ಷಗಟ್ಟಲೆ ದುಡಿದು, ಈಗ ಮೊದಲ ಸಲ ಒಂದಿಡೀ ಸಿನಿಮಾದ ಹೊಣೆ ಹೊತ್ತಿದ್ದಳು. ಕಮರಿಪೇಟೆಯ ಓಣಿ ಓಣಿ ತಿರುಗಿ, ಕೊನೆಗೆ ಹುಸ್ನಾಳ ಮನೆಯ ಅಡುಗೆಮನೆಯನ್ನು ಮೆಚ್ಚಿದ್ದಳು. ಕಟ್ಟಿಗೆ ಒಲೆಯ ಹಿಂದಿನ ಗೋಡೆಯನ್ನಂತೂ ಎಷ್ಟು ಫೋಟೋ ತೆಗೆದರೂ ಅವಳಿಗೆ ಸಾಲದು.

ಆದರೆ ಆ ಗೋಡೆಯ ತುಂಬ ಮಸಿ, ಎಣ್ಣೆಯ ಕಲೆ. ಕ್ಲಾಸಿನವರೆಲ್ಲ ಸಿನಿಮಾದಲ್ಲಿ ನೋಡಿ, ನಿಮ್ಮನಿ ಇಷ್ಟ ಹೊಲಸೈತೇನ ಅಂದರೆ? ಹುಸ್ನಾ ಹಟ ಹಿಡಿದು ಅಬ್ಬಾನ ಬೆನ್ನು ಬಿದ್ದಿದ್ದಳು. ಅಬ್ಬಾನ ತಾಯಿ ದಾದಿಮಾ ಬೇಡವೆಂದರೂ ಕೇಳದೆ, ಗುಲಾಬಿ ಬಣ್ಣವನ್ನು ತಾನೇ ಆರಿಸಿದ್ದಳು.

ಅಕ್ಕ ನೆಲದ ಮೇಲೆ ಕೂತು ತಲೆ ಹಿಡಿದುಕೊಂಡಳು. ನಾಳೆ ಬೆಳಿಗ್ಗೆಯೇ ಶೂಟಿಂಗ್. ಬೇರೆ ಮನೆ ಹುಡುಕಲು ಸಮಯವಿಲ್ಲ.

"ತಪ್ಪು ನಂದು," ಎಂದಳು. "ಇದ್ದಂಗ ಇರಲಿ ಅಂತ ನಾನು ಹೇಳಬೇಕಿತ್ತು."

ಇದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಹುಸ್ನಾಗೆ.

"ನಾನ ಹಚ್ಚಿಸಿದ್ದರಿ ಅಕ್ಕಾ. ಛಲೋ ಕಾಣಲಿ ಅಂತ..."

ಅಕ್ಕ ಎದ್ದಳು. ಅಂಗಿಯ ತೋಳು ಮಡಚಿ, ಕಪ್ಪು ಬಣ್ಣಕ್ಕೆ ಚಹಾದ ಡಿಕಾಕ್ಷನ್ ಬೆರೆಸಿ, ಸ್ಪಂಜಿನಿಂದ ಗೋಡೆಗೆ ಒತ್ತತೊಡಗಿದಳು. ಫೋನಿನಲ್ಲಿ ಫೋಟೋ ನೋಡುವುದು, ಒತ್ತುವುದು, ಒರೆಸುವುದು, ಮತ್ತೆ ಒತ್ತುವುದು. ಸಂಜೆಯ ಹೊತ್ತಿಗೆ ಗೋಡೆ ಹಳೆಯದಾಯಿತು. ಮೊದಲಿನ ಹಾಗೇ ಆಗಿದೆಯೆಂದು ಅಬ್ಬಾ ಹೊಗಳಿದ.

"ಕ್ಯಾಮೆರಾಕ್ಕ ಸಾಕ್ರಿ ಇಷ್ಟು," ಎಂದಳು ಅಕ್ಕ. ಅವಳ ದನಿಯಲ್ಲಿ ಖುಷಿ ಇರಲಿಲ್ಲ. ಶೂಟಿಂಗ್ ಮುಗಿಯುವವರೆಗೆ ಯಾರೂ ಗೋಡೆ ಮುಟ್ಟಬಾರದೆಂದು ಹೇಳಿ ಹೊರಟಳು.

ಒಲೆಯ ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ದಾದಿಮಾ ಏಳಲು ನೋಡಿದಳು. ಅವಳ ಕೈ ತಾನಾಗಿಯೇ ಗೋಡೆಯತ್ತ ಹೋಯಿತು. ಅರ್ಧದಲ್ಲೇ ನಿಂತಿತು.

ಅಲ್ಲಿ ಮೊದಲು ಅಂಗೈಯಗಲದ ಒಂದು ನುಣುಪು ಜಾಗವಿತ್ತು. ದಿನಾ ಕಂಡರೂ ಅದು ಹೇಗಾಯಿತೆಂದು ಹುಸ್ನಾ ಯೋಚಿಸಿರಲಿಲ್ಲ. ಅಕ್ಕ ಫೋಟೋ ನೋಡಿ ಅದನ್ನೂ ಬಣ್ಣದಲ್ಲಿ ಬಿಡಿಸಿದ್ದಳು. ಆದರೆ ಮುಟ್ಟುವಂತಿರಲಿಲ್ಲ.

ಹುಸ್ನಾ ಓಡಿಹೋಗಿ ಪಕ್ಕದಲ್ಲಿ ಕುಳಿತು ಹೆಗಲು ಕೊಟ್ಟಳು. ದಾದಿಮಾ ಕೈಯೂರಿ ಮೆಲ್ಲಗೆ ಎದ್ದಳು.

ಆ ಕೈ ಅಷ್ಟು ಭಾರವೆಂದು ಹುಸ್ನಾಗೆ ಗೊತ್ತೇ ಇರಲಿಲ್ಲ.